ವೇ ಬ್ರಿಡ್ಜ್‌ನ ಹಳೇ ಕಂಪ್ಯೂಟರ್‌ಗೆ ಇಂಟರ್ನೆಟ್ ಯಾಕೆ?

ಮಂಡ್ಯದ ಕಡೆ ಕಬ್ಬಿನ ಲೋಡ್ ತೂಗುವ ವೇ ಬ್ರಿಡ್ಜ್‌ಗಳಲ್ಲಿ, ರೈಸ್ ಮಿಲ್‌ಗಳಲ್ಲಿ, ಮೈಸೂರಿನ ಡಿಟಿಪಿ ಅಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ವಿಂಡೋಸ್ 10 ಮುಗೀತಂತೆ, ಸಿಸ್ಟಂ ಬದಲಾಯಿಸಲೇಬೇಕಾ?’ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು ನಿಜ. ಹಾಗಂತ ಮರುದಿನ ಯಾವ ಕಂಪ್ಯೂಟರೂ ಕೆಟ್ಟು ಕೂರಲಿಲ್ಲ. ನಿಂತದ್ದು ತಿಂಗಳಿಗೊಮ್ಮೆ ಬರುತ್ತಿದ್ದ ಸೆಕ್ಯುರಿಟಿ ಅಪ್‌ಡೇಟ್. ಅದಿಲ್ಲದೆ ಎಷ್ಟು ಅಪಾಯ ಅನ್ನುವುದು ಆ ಸಿಸ್ಟಂನಲ್ಲಿ ನೀವು ಮಾಡುವ ಕೆಲಸದ ಮೇಲೆ ನಿಂತಿದೆ. ತೂಕದ ಚೀಟಿ, ನೆಟ್ ಬ್ಯಾಂಕಿಂಗ್, ಜಿಎಸ್‌ಟಿ ರಿಟರ್ನ್ ಎಲ್ಲವನ್ನೂ ಒಂದೇ ಯಂತ್ರದಲ್ಲಿ ಮಾಡುವ ಕಡೆಯೇ ಪೆಟ್ಟು ಬೀಳುವುದು.

ದುಡ್ಡಿನ ವ್ಯವಹಾರ ನಡೆಯುವ ಸಿಸ್ಟಂಗೆ ಅಪ್‌ಡೇಟ್ ಬರಲೇಬೇಕು. ಅದಕ್ಕೆ ಇಎಸ್‌ಯು ಎಂಬ ವಿಸ್ತರಿತ ಅಪ್‌ಡೇಟ್ ಯೋಜನೆ ಇದೆ. ಮನೆ ಬಳಕೆದಾರರಿಗೆ ಈ ಯೋಜನೆ 2026ರ ಅಕ್ಟೋಬರ್ 13ರವರೆಗೆ. ಮೊದಲು ಸೆಟ್ಟಿಂಗ್ಸ್‌, ಸಿಸ್ಟಂ, ಅಬೌಟ್‌ನಲ್ಲಿ ವಿಂಡೋಸ್ 10ರ ಆವೃತ್ತಿ 22ಎಚ್2 ಇದೆಯೇ ನೋಡಿ. ಇಲ್ಲದಿದ್ದರೆ ಮೊದಲು ಅಲ್ಲಿಗೆ ಬನ್ನಿ. ಆಮೇಲೆ ಅಡ್ಮಿನ್ ಆಗಿರುವ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್ ನೌ’ ಒತ್ತಿ. ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡಲು ಒಪ್ಪಿದರೆ ಕಾಸಿಲ್ಲ. ಒಂದೇ ಖಾತೆಗೆ 10 ಸಿಸ್ಟಂವರೆಗೆ ಸೇರಿಸಬಹುದು. ಫೋಟೊ, ಡಾಕ್ಯುಮೆಂಟ್ ಫೋಲ್ಡರ್‌ಗಳ ಬ್ಯಾಕಪ್ ಮಾತ್ರ ಆಫ್ ಮಾಡಿ. ಇಲ್ಲದಿದ್ದರೆ ಒನ್‌ಡ್ರೈವ್‌ನ ಉಚಿತ 5 ಜಿಬಿ ತುಂಬಿ, ದಿನಾ ದುಡ್ಡು ಕಟ್ಟಿ ಅಂತ ಪೀಡಿಸುತ್ತದೆ. ಆಫೀಸ್ 2016 ಮತ್ತು 2019ರ ಬೆಂಬಲವೂ ಅದೇ ದಿನ ಮುಗಿದಿದೆ, ಇಎಸ್‌ಯು ಅವನ್ನು ಕಾಯುವುದಿಲ್ಲ. ಹೊರಗಿನಿಂದ ಬಂದ ವರ್ಡ್ ಫೈಲನ್ನು ಅದರಲ್ಲಿ ತೆರೆಯುವ ಬದಲು ಲಿಬ್ರೆ ಆಫೀಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ.

ಇಂಟೆಲ್ 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇದ್ದೂ ‘ವಿಂಡೋಸ್ 11 ಆಗಲ್ಲ’ ಎಂದು ಬಂದರೆ, ಬಹಳ ಸಲ ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಟಿಪಿಎಂ ಎಂಬ ಭದ್ರತಾ ಸೌಲಭ್ಯ ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಡಿಸ್ಕ್ ಎಂಬಿಆರ್ ಎಂಬ ಹಳೇ ಮಾದರಿಯಲ್ಲಿದ್ದರೆ ವಿಂಡೋಸ್ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಪ್ರೋಗ್ರಾಂನಿಂದ ಮೊದಲು ಜಿಪಿಟಿ ಎಂಬ ಹೊಸ ಮಾದರಿಗೆ ಬದಲಾಯಿಸಿ, ಆಮೇಲೆ ಬಯಾಸ್‌ನಲ್ಲಿ ಲೆಗಸಿ ಎಂಬ ಹಳೇ ಬೂಟ್ ವಿಧಾನ ತೆಗೆದು ಹೊಸದಾದ ಯುಇಎಫ್‌ಐ ಮಾಡಿ. ಮೊದಲೇ ಯುಇಎಫ್‌ಐ ಮಾಡಿದರೆ ಸಿಸ್ಟಂ ಬೂಟ್ ಆಗದು. 4ನೇ, 6ನೇ ಪೀಳಿಗೆಯ ಯಂತ್ರಕ್ಕೆ ತಪಾಸಣೆ ತಪ್ಪಿಸಿ 11 ತುರುಕುವುದು ಸಾಧ್ಯ, ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುತ್ತೇವೆಂದು ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ. ವ್ಯಾಪಾರದ ಸಿಸ್ಟಂಗೆ ಅದು ಬೇಡ.

ವೇ ಬ್ರಿಡ್ಜ್ ಸಿಸ್ಟಂ ಲೆಕ್ಕವೇ ಬೇರೆ. ತೂಕದ ಇಂಡಿಕೇಟರ್‌ನಿಂದ 9 ಪಿನ್ನಿನ ಸೀರಿಯಲ್ ಕೇಬಲ್ ಬಂದು ಕಾಮ್ 1 ಪೋರ್ಟಿಗೆ ಸಿಕ್ಕಿಸಿರುತ್ತದೆ, ಇನ್ನೊಂದು ಕಡೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಹೊಸ ಕಂಪ್ಯೂಟರ್‌ನಲ್ಲಿ ಆ ಪೋರ್ಟೇ ಇರುವುದಿಲ್ಲ. ಯುಎಸ್‌ಬಿ ಕನ್ವರ್ಟರ್ ಹಾಕಿದರೆ ವಿಂಡೋಸ್ ಅದಕ್ಕೆ ಕಾಮ್ 5 ಅಂತಲೋ 7 ಅಂತಲೋ ನಂಬರ್ ಕೊಡುತ್ತದೆ, ಹಳೇ ಸಾಫ್ಟ್‌ವೇರ್ ಕಾಮ್ 1ರಲ್ಲೇ ಕಾಯುತ್ತಿರುತ್ತದೆ. ಪರದೆಯಲ್ಲಿ ತೂಕ ಸೊನ್ನೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ಗೆ ಹೋಗಿ ನಂಬರನ್ನು ಕಾಮ್ 1 ಮಾಡಿ; ಬಾಡ್ ರೇಟ್ ಅಂದರೆ ಡೇಟಾ ಹರಿಯುವ ವೇಗ ಇಂಡಿಕೇಟರ್‌ನಲ್ಲಿ ಎಷ್ಟಿದೆಯೋ (2400, 9600) ಇಲ್ಲೂ ಅಷ್ಟೇ ಇರಲಿ. ತೂಕದ ಬದಲು ಚಿತ್ರವಿಚಿತ್ರ ಅಕ್ಷರ ಬಂದರೆ ಬಾಡ್ ರೇಟ್ ತಾಳೆಯಾಗಿಲ್ಲ ಎಂದೇ ಮೊದಲು ಅನುಮಾನಿಸಿ. ಅಗ್ಗದ ಕನ್ವರ್ಟರ್‌ಗಳಲ್ಲಿ ಪ್ರೊಲಿಫಿಕ್ ಚಿಪ್‌ನ ನಕಲು ಬಹಳ. ಹೊಸ ಡ್ರೈವರ್ ಅದನ್ನು ಒಪ್ಪದೆ ಹಳದಿ ಗುರುತು ತೋರಿಸುತ್ತದೆ. ಸ್ವಲ್ಪ ಹೆಚ್ಚು ಕೊಟ್ಟರೂ ಎಫ್‌ಟಿಡಿಐ ಚಿಪ್ಪಿನದ್ದೇ ತನ್ನಿ. ಡಾಸ್ ಕಾಲದ ಬಿಲ್ಲಿಂಗ್ ಪ್ರೋಗ್ರಾಂ ಆದರೆ ಈ ಸರ್ಕಸ್ಸೇ ವ್ಯರ್ಥ: 16 ಬಿಟ್ ಪ್ರೋಗ್ರಾಂ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ.

ಆದ್ದರಿಂದ ತೂಗುವ ಯಂತ್ರ ಹಳೇದಾಗಿಯೇ ಇರಲಿ. ಅದರ ಇಂಟರ್ನೆಟ್ ತೆಗೆಯಿರಿ. ಲ್ಯಾನ್ ಕೇಬಲ್ ಕಿತ್ತಿಡುವುದೇ ಎಲ್ಲಕ್ಕಿಂತ ಒಳ್ಳೆಯದು. ಆಫೀಸಿನ ಸಿಸ್ಟಂಗೆ ಲೆಕ್ಕ ಹೋಗಲೇಬೇಕಾದರೆ ಐಪಿ ವಿಳಾಸವನ್ನು ಕೈಯಾರೆ ಕೊಟ್ಟು, ಗೇಟ್‌ವೇ ಮತ್ತು ಡಿಎನ್‌ಎಸ್ ಖಾಲಿ ಬಿಡಿ. ಒಳಗಿನ ನೆಟ್‌ವರ್ಕ್ ನಡೆಯುತ್ತದೆ, ಹೊರಗೆ ದಾರಿ ಸಿಗುವುದಿಲ್ಲ. ಇದು ಅರ್ಧ ರಕ್ಷಣೆ ಮಾತ್ರ. ಪಕ್ಕದ ಸಿಸ್ಟಂಗೆ ವೈರಸ್ ಹೊಕ್ಕರೆ ಒಳಗಿಂದಲೇ ಬರುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ಎಸ್‌ಎಂಬಿ 1 ಎಂಬ ಹಳೇ ಫೈಲ್ ಹಂಚಿಕೆಯ ದೋಷದಿಂದ, ಅದೂ ದೋಷ ಸರಿಪಡಿಸುವ ಪ್ಯಾಚ್ ಬಂದು ಎರಡು ತಿಂಗಳಾದ ಮೇಲೆ. ವಿಂಡೋಸ್ ಎಕ್ಸ್‌ಪಿ ಸಿಸ್ಟಂಗೆ ಎಸ್‌ಎಂಬಿ 1 ಬಿಟ್ಟು ಬೇರೆ ಗೊತ್ತಿಲ್ಲ. ಅದರ ಜೊತೆ ಫೋಲ್ಡರ್ ಹಂಚಿಕೊಳ್ಳಲೆಂದು ಆಫೀಸಿನ ಒಳ್ಳೆಯ ಸಿಸ್ಟಂನಲ್ಲೂ ಅದನ್ನು ಆನ್ ಮಾಡಿಸುವವರಿದ್ದಾರೆ. ಮಾಡಿಸಬೇಡಿ, ಪೆನ್‌ಡ್ರೈವ್ ಸಾಕು. ಆ ಒಂದೇ ಕೆಲಸಕ್ಕೆ ಮೀಸಲಾದ ಪೆನ್‌ಡ್ರೈವ್, ಪ್ರತಿ ಸಲ ಆಫೀಸಿನ ಸಿಸ್ಟಂನಲ್ಲಿ ಸ್ಕ್ಯಾನ್ ಮಾಡಿ. ರಿಪೇರಿಯವರು ದೂರದಿಂದ ನೋಡಲು ಹಾಕಿಹೋದ ರಿಮೋಟ್ ಸಾಫ್ಟ್‌ವೇರ್ ಉಳಿದಿದ್ದರೆ ಅದನ್ನೂ ತೆಗೆಸಿ.

ಡಿಟಿಪಿಯವರ ಸಂಕಟ ಪೇಜ್‌ಮೇಕರ್ ಎಂಬ ಹಳೇ ಪುಟವಿನ್ಯಾಸದ ಸಾಫ್ಟ್‌ವೇರ್. 7.0 ಅದರ ಕೊನೆಯ ಆವೃತ್ತಿ, ಈಗಿನ ಅಕ್ಷರ ಸಂಕೇತವಾದ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಹಾಗಾಗಿ ‘ನುಡಿ’ ತಂತ್ರಾಂಶದ ಹಳೇ ಫಾಂಟ್ ಬಿಡುವಂತಿಲ್ಲ. ಹೊಸ ಸಿಸ್ಟಂನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಾಕಿ, ಒಳಗೆ ಹಳೇ ವಿಂಡೋಸ್ ಕೂರಿಸಿ, ಅದರ ನೆಟ್‌ವರ್ಕ್ ಆಫ್ ಮಾಡಿ ಒಂದು ಶೇರ್ಡ್ ಫೋಲ್ಡರ್ ಮಾತ್ರ ಕೊಟ್ಟರೆ ಹಳೇ ಲಗ್ನಪತ್ರಿಕೆ ಫೈಲ್‌ಗಳೆಲ್ಲ ತೆರೆಯುತ್ತವೆ. ಇದಕ್ಕೆ 8 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಬೇಕು. ಯೂನಿಕೋಡ್‌ಗೆ ಪರಿವರ್ತಿಸಿದ ಮ್ಯಾಟರ್‌ನಲ್ಲಿ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ಪ್ರೂಫ್ ನೋಡಿ.

ಬ್ರೌಸರ್, ಯೂಟ್ಯೂಬ್, ಮಕ್ಕಳ ಓದು ಇಷ್ಟೇ ಆದರೆ ಹಳೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಸಾಕು, ಕನ್ನಡದ ಕಗಪ ಕೀಲಿಮಣೆಯೂ ಇದೆ. ಟ್ಯಾಲಿ ಬಳಸುವವರು, ಕ್ಯಾನನ್ ಎಲ್‌ಬಿಪಿ 2900 ಇಟ್ಟುಕೊಂಡಿರುವ ಜೆರಾಕ್ಸ್ ಅಂಗಡಿಯವರು ಆ ಕಡೆ ಹೋಗಬೇಡಿ. ಆ ಪ್ರಿಂಟರ್‌ನ ಲಿನಕ್ಸ್ ಡ್ರೈವರ್ ತಲೆನೋವು.

ಹಳೇ ಯಂತ್ರ ಉಳಿಸಿಕೊಳ್ಳುವವರು ಡಿಸ್ಕಿನ ಪೂರ್ತಿ ಇಮೇಜನ್ನು (ಇದ್ದದ್ದು ಇದ್ದಂತೆ ನಕಲು) ಕ್ಲೋನ್‌ಜಿಲ್ಲಾ ಎಂಬ ಸಾಫ್ಟ್‌ವೇರ್‌ನಿಂದ ಹೊರಗಿನ ಹಾರ್ಡ್‌ಡಿಸ್ಕ್‌ಗೆ ತೆಗೆದಿಡಿ. ಬರೀ ಡೇಟಾ ಕಾಪಿ ಸಾಲದು, ಏಕೆಂದರೆ ಆ ಸಾಫ್ಟ್‌ವೇರಿನ ಸಿಡಿಯೂ ಇಲ್ಲ, ಮಾಡಿಕೊಟ್ಟವರೂ ಸಿಗುವುದಿಲ್ಲ. ಇಮೇಜನ್ನು ಬೇರೊಂದು ಎಸ್‌ಎಸ್‌ಡಿಗೆ ಇಳಿಸಿ, ಅದೇ ಯಂತ್ರಕ್ಕೆ ಸಿಕ್ಕಿಸಿ ಒಂದು ತೂಕದ ಚೀಟಿ ಪ್ರಿಂಟ್ ತೆಗೆದು ನೋಡಿ. ಆ ಎಸ್‌ಎಸ್‌ಡಿ ಮೂಲ ಡಿಸ್ಕಿಗಿಂತ ಚಿಕ್ಕದಿದ್ದರೆ ಕ್ಲೋನ್‌ಜಿಲ್ಲಾ ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೋರ್ಡಿನ ಸಿಆರ್2032 ಸೆಲ್ಲನ್ನೂ ಆಗಲೇ ಬದಲಾಯಿಸಿ. ಅದು ಸತ್ತರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತದೆ. ಇಂಟರ್ನೆಟ್ ಇಲ್ಲದ ಯಂತ್ರ ಅದನ್ನು ತಾನೇ ಸರಿಮಾಡಿಕೊಳ್ಳುವುದಿಲ್ಲ, ಚೀಟಿಯಲ್ಲೂ ಅದೇ ತಪ್ಪು ತಾರೀಖು ಬೀಳುತ್ತದೆ.