ಅರಳು ಮರಳಿಗೆ ಲೆಕ್ಕ ಸಿಕ್ಕಿದ್ದು ಹೇಗೆ?

ನಮ್ಮಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಕೊನೆಕೊನೆಗೆ ಮರೆವು ಜಾಸ್ತಿಯಾದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಒಂದು ಹಾಳೆ ಮುಂದಿಟ್ಟುಕೊಂಡು ಕೇಳುತ್ತಾ ಹೋದರು. "ಇವತ್ತು ತಾರೀಕು ಎಷ್ಟಮ್ಮ?" ಅಜ್ಜಿ ಸ್ವಲ್ಪ ಯೋಚಿಸಿ, "ಅಮಾಸೆ ಕಳೆದು ಮೂರು ದಿನ ಆಯ್ತಪ್ಪ" ಅಂದರು. ಲೆಕ್ಕ ಸರಿಯಾಗೇ ಇತ್ತು. ಹಾಳೆಯಲ್ಲಿ ಸೊನ್ನೆ ಬಿತ್ತು. ನೂರರಿಂದ ಏಳು ಕಳೆಯಿರಿ ಅಂದರು. ಅಜ್ಜಿ ನನ್ನ ಮುಖ ನೋಡಿದರು. ಒಂದು ವಾಕ್ಯ ಬರೆಯಿರಿ ಅಂತ ಪೆನ್ನು ಕೊಟ್ಟರು. ಅವರು ಅದನ್ನು ಊದುಬತ್ತಿ ಹಿಡಿದ ಹಾಗೆ ಹಿಡಿದುಕೊಂಡು ಸುಮ್ನೆ ಕೂತರು.

ಅದೇ ವಾರ ಅಜ್ಜಿ ಊಟ ಮುಗಿಸಿ ಕೈ ತೊಳೆದು, ಹತ್ತೇ ನಿಮಿಷಕ್ಕೆ ಮತ್ತೆ ತಟ್ಟೆ ಹಾಕಿಕೊಂಡು ಕೂತಿದ್ದರು. ಅದನ್ನು ನಾವು ಯಾರೂ ಡಾಕ್ಟರಿಗೆ ಹೇಳಲಿಲ್ಲ. "ಮನೇಲಿ ಹೇಗಿದ್ದಾರೆ?" ಅಂತ ಕೇಳಿದಾಗ ಅಪ್ಪ, "ಏನೂ ತೊಂದರೆ ಇಲ್ಲ ಸಾರ್, ವಯಸ್ಸಾಯ್ತಲ್ವಾ" ಅಂದುಬಿಟ್ಟರು.

ಆಗಬಹುದಾದ ಎರಡು ತಪ್ಪೂ ಆ ಒಂದೇ ಕೋಣೆಯಲ್ಲಿ ಆಗಿದ್ದವು. ಗೊತ್ತಿದ್ದದ್ದನ್ನು ಗೊತ್ತಿಲ್ಲ ಅಂತ ಹಾಳೆ ಬರೆದುಕೊಂಡಿತು. ನಿಜವಾಗಿ ಮರೆತದ್ದನ್ನು ಮನೆಯವರು ಮುಚ್ಚಿಟ್ಟರು. ನಮ್ಮ ದೇಶದಲ್ಲಿ ಡಿಮೆನ್ಷಿಯಾ, ಅಂದರೆ ದಿನದ ಬದುಕಿಗೇ ಅಡ್ಡಿಯಾಗುವ ಮರೆವಿನ ಕಾಯಿಲೆ, ಎಷ್ಟು ಜನಕ್ಕಿದೆ ಅನ್ನೋ ಲೆಕ್ಕ ಇಷ್ಟು ತಡವಾಗಿ ಸಿಕ್ಕಿದ್ದಕ್ಕೆ ಈ ಎರಡು ತಪ್ಪೇ ದೊಡ್ಡ ಕಾರಣ. ಅವನ್ನು ತಿದ್ದಲು ದುಡ್ಡು ಬೇಕಿತ್ತು. ಆ ದುಡ್ಡು ಬಹುಕಾಲ ಹೊರದೇಶದಿಂದಲೇ ಬಂತು.

"ಅರವತ್ತಕ್ಕೆ ಅರಳು ಮರಳು" ಅನ್ನುತ್ತೇವೆ. ಇದು ನಮ್ಮಲ್ಲಷ್ಟೇ ಇರುವ ಮಾತಲ್ಲ. 1970ರ ದಶಕದ ತನಕ ಅಮೆರಿಕದಲ್ಲೂ ವಯಸ್ಸಾದವರ ಮರೆವನ್ನು ಕಾಯಿಲೆ ಅಂತ ಯಾರೂ ಅಷ್ಟಾಗಿ ಎಣಿಸುತ್ತಿರಲಿಲ್ಲ. ಡಿಮೆನ್ಷಿಯಾ ತರುವ ಕಾಯಿಲೆಗಳಲ್ಲಿ ಮುಖ್ಯವಾದದ್ದು ಅಲ್ಝೈಮರ್. ಆಗ ಅದು ಐವತ್ತು ಅರವತ್ತರ ಒಳಗೆ ಬರುವ ಅಪರೂಪದ ಕಾಯಿಲೆ ಅಂತ ಪುಸ್ತಕಗಳಲ್ಲಿತ್ತು. 1974ರಲ್ಲಿ ಅಲ್ಲಿನ ಸರ್ಕಾರ ವೃದ್ಧಾಪ್ಯದ ಸಂಶೋಧನೆಗೆ ಅಂತಲೇ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯನ್ನು ಕಟ್ಟಿತು. ಅದರ ಮೊದಲ ನಿರ್ದೇಶಕ ರಾಬರ್ಟ್ ಬಟ್ಲರ್ ಮನೋವೈದ್ಯರು. ವಯಸ್ಸಾಗುವುದರ ಬಗ್ಗೆ ಸಂಶೋಧನೆ ಮಾಡ್ತೀವಿ ಅಂದರೆ ಸಂಸತ್ತು ಕೈಬಿಚ್ಚಿ ಹಣ ಕೊಡುವುದಿಲ್ಲ, ಹೆಸರಿರುವ ಒಂದು ಕಾಯಿಲೆ ಬೇಕು ಅಂತ ಅವರಿಗೆ ಗೊತ್ತಿತ್ತು. 1976ರಲ್ಲಿ ನ್ಯೂಯಾರ್ಕಿನ ನರವೈದ್ಯ ರಾಬರ್ಟ್ ಕಾಟ್ಜ್‌ಮನ್ ಒಂದು ಚಿಕ್ಕ ಸಂಪಾದಕೀಯ ಬರೆದರು. ಮುದುಕರ ಮರೆವು ಮತ್ತು ಅಲ್ಝೈಮರ್ ಬೇರೆಬೇರೆ ಅಲ್ಲ, ಎರಡೂ ಒಂದೇ, ಇದು ತುಂಬಾ ಜನರ ಪ್ರಾಣ ತೆಗೆಯುತ್ತಿರುವ ಕಾಯಿಲೆ ಅನ್ನುವುದು ಅದರ ಸಾರ. ಅಪರೂಪದ್ದು ಅಂತಿದ್ದದ್ದು ಅಲ್ಲಿಂದಾಚೆಗೆ ಲಕ್ಷಾಂತರ ಜನರ ಕಾಯಿಲೆಯಾಯಿತು. ಹಣವೂ ಅದರ ಹಿಂದೆ ಹರಿಯಿತು.

ನಮ್ಮಜ್ಜಿಯ ಮುಂದಿದ್ದ ಹಾಳೆಯೂ ಆ ಕಾಲದ್ದೇ. 1975ರಲ್ಲಿ ಅಮೆರಿಕದಲ್ಲಿ ತಯಾರಾದ 30 ಅಂಕದ ಪರೀಕ್ಷೆ ಅದು. ಸಣ್ಣದು, ಸುಲಭದ್ದು. ಹತ್ತು ನಿಮಿಷ ಸಾಕು. ಹಾಗಾಗಿ ಲೋಕವೆಲ್ಲ ಹಬ್ಬಿತು. ಆದರೆ ಅದನ್ನು ಮಾಡಿದವರ ಮುಂದೆ ಕೂತಿದ್ದ ರೋಗಿಗಳು ಶಾಲೆ ನೋಡಿದವರು.

ಅಮೆರಿಕದ ವೃದ್ಧಾಪ್ಯ ಸಂಸ್ಥೆಯ ದುಡ್ಡು ಭಾರತದ ಹಳ್ಳಿಗೆ ಕಾಲಿಟ್ಟಿದ್ದು 1990ರ ದಶಕದಲ್ಲಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮೇರಿ ಗಂಗೂಲಿ, ವಿಜಯ್ ಚಂದ್ರ ಮತ್ತು ಸಂಗಡಿಗರು ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಿಗೆ ಬಂದರು. 55 ದಾಟಿದ 5,126 ಜನರನ್ನು ನೋಡಿದರು. ಅವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನಕ್ಕೆ ಅಕ್ಷರ ಗೊತ್ತಿರಲಿಲ್ಲ. ಅಮೆರಿಕದ ಹಾಳೆಯನ್ನು ಹಾಗೇ ಇಟ್ಟರೆ ಊರಿಗೆ ಊರೇ ಫೇಲು. ಅದಕ್ಕೆ ಅವರು ಪರೀಕ್ಷೆಯನ್ನೇ ಬಿಚ್ಚಿ ಹಿಂದಿಯಲ್ಲಿ ಹೊಸದಾಗಿ ಕಟ್ಟಿದರು.

ಈ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೂಲದಲ್ಲಿ 'ಕಣ್ಣು ಮುಚ್ಚಿ' ಅಂತ ಬರೆದ ಚೀಟಿ ತೋರಿಸುತ್ತಾರೆ, ರೋಗಿ ಓದಿಕೊಂಡು ಕಣ್ಣು ಮುಚ್ಚಬೇಕು. ಹಿಂದಿ ಪರೀಕ್ಷೆಯಲ್ಲಿ ಕೇಳುವವರೇ ಕಣ್ಣು ಮುಚ್ಚುತ್ತಾರೆ, "ನನ್ನ ಮುಖ ನೋಡಿ, ನಾನು ಮಾಡಿದ ಹಾಗೇ ಮಾಡಿ" ಅನ್ನುತ್ತಾರೆ. ಮೂಲದಲ್ಲಿ ಒಂದು ವಾಕ್ಯ ಬರೆಯಬೇಕು. ಇಲ್ಲಿ "ನಿಮ್ಮ ಮನೆ ಬಗ್ಗೆ ಒಂದು ಮಾತು ಹೇಳಿ" ಅಂದರೆ ಮುಗಿಯಿತು. ಮಿದುಳಿನ ಅದೇ ಶಕ್ತಿಯನ್ನು ಅಕ್ಷರದ ಹಂಗಿಲ್ಲದೆ ಅಳೆಯುವ ದಾರಿ ಇದು. ಇದನ್ನು ಓದಿದಾಗ ನನಗೆ ಅಜ್ಜಿಯ ಕೈಯಲ್ಲಿದ್ದ ಆ ಪೆನ್ನು ನೆನಪಾಯಿತು.

ಆದರೆ 1998ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಅಚ್ಚರಿಗೊಳಿಸಿತು. ಬಲ್ಲಭ್‌ಗಢದಲ್ಲಿ 65 ದಾಟಿದವರಲ್ಲಿ ಅಲ್ಝೈಮರ್ ಇದ್ದವರು ನೂರಕ್ಕೆ ಸುಮಾರು 1. ಲೋಕದಲ್ಲೇ ಅತಿ ಕಡಿಮೆ ಅನ್ನಬಹುದಾದ ಲೆಕ್ಕ. ಸಂಶೋಧಕರು ಎಚ್ಚರಿಕೆಯಿಂದಲೇ ಮಾತಾಡಿದ್ದರು. ಒಟ್ಟು ಆಯಸ್ಸೇ ಕಡಿಮೆ ಇರಬಹುದು, ಕಾಯಿಲೆ ಬಂದವರು ಬೇಗ ತೀರಿಹೋಗುತ್ತಿರಬಹುದು ಅಂತ ಬರೆದಿದ್ದರು. ಜನಕ್ಕೆ ಅಷ್ಟು ತಾಳ್ಮೆ ಎಲ್ಲಿ? ಭಾರತೀಯರು ಅರಿಶಿನ ತಿನ್ನುತ್ತಾರೆ, ಅದಕ್ಕೇ ಅವರಿಗೆ ಮರೆವು ಬರುವುದಿಲ್ಲ ಅನ್ನುವ ಕಥೆ ಹುಟ್ಟಿತು. 2001ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಲಿಗಳ ಮೇಲೆ ಅರಿಶಿನದ ಕರ್ಕ್ಯುಮಿನ್ ಪ್ರಯೋಗವೂ ನಡೆಯಿತು. ಮುಂದೆ ಅಲ್ಝೈಮರ್ ರೋಗಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಈಗಲೂ ವಾಟ್ಸಾಪಿನಲ್ಲಿ ಆ ಮಾತು ಓಡಾಡುತ್ತಿದೆ. ನಮಗೆ ಈ ಕಾಯಿಲೆ ಬರುವುದೇ ಇಲ್ಲ ಅಂದುಕೊಂಡರೆ ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವರು ಯಾರು?

1998ರಲ್ಲೇ ಕೊಚ್ಚಿಯಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಡಾ. ಜೇಕಬ್ ರಾಯ್ 1992ರಲ್ಲಿ ಕಟ್ಟಿದ ಅಲ್ಝೈಮರ್ ಸೊಸೈಟಿಯಿಂದಾಗಿ ಈ ಕಾಯಿಲೆಯ ಮಾತು ಕೇರಳದಲ್ಲಿ ಆಗಲೇ ಎದ್ದಿತ್ತು. ಕೊಚ್ಚಿಯಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆಯಲ್ಲಿ ಲಂಡನ್ನಿನ ಮಾರ್ಟಿನ್ ಪ್ರಿನ್ಸ್ ಮತ್ತು ಬೇರೆ ಬೇರೆ ದೇಶದ ವೈದ್ಯರು ಒಂದು ಗುಂಪು ಮಾಡಿಕೊಂಡರು. ಅದಕ್ಕೆ ಇಟ್ಟ ಹೆಸರು ಬರೀ ಎರಡು ಅಂಕಿ: 10/66. ಡಿಮೆನ್ಷಿಯಾ ಇರುವವರಲ್ಲಿ ನೂರಕ್ಕೆ 66 ಪಾಲು ಜನ ಬಡ ದೇಶಗಳಲ್ಲಿದ್ದಾರೆ, ಜನರ ನಡುವೆ ನಡೆಯುವ ಸಂಶೋಧನೆಯಲ್ಲಿ ಅವರಿಗೆ ಸಿಗುತ್ತಿರುವುದು 10 ಪಾಲೂ ಇಲ್ಲ. ಇಷ್ಟು ನೇರವಾದ ಹೆಸರನ್ನು ನಾನು ಬೇರೆಲ್ಲೂ ಕಂಡಿಲ್ಲ. ದೂರೂ ಅದೇ, ವಿಳಾಸವೂ ಅದೇ.

ಬ್ರಿಟನ್ನಿನ ವೆಲ್ಕಮ್ ಟ್ರಸ್ಟ್, ವಿಶ್ವ ಆರೋಗ್ಯ ಸಂಸ್ಥೆ, ಅಮೆರಿಕದ ಅಲ್ಝೈಮರ್ ಸಂಘ ದುಡ್ಡು ಕೊಟ್ಟವು. 7 ದೇಶಗಳ 11 ಕಡೆ, ಸುಮಾರು 15,000 ಹಿರಿಯರನ್ನು ಮನೆಮನೆಗೆ ಹೋಗಿ ನೋಡಿದರು. ನಮ್ಮಲ್ಲಿ ಚೆನ್ನೈ ನಗರ ಮತ್ತು ವೆಲ್ಲೂರಿನ ಹಳ್ಳಿಗಳು ಇದರಲ್ಲಿದ್ದವು. 2008ರಲ್ಲಿ ಲೆಕ್ಕ ಹೊರಬಂತು. ಅಮೆರಿಕದ ಮನೋವೈದ್ಯರ ಕೈಪಿಡಿಯ ನಿಯಮ ಹಿಡಿದು ನೋಡಿದರೆ ಭಾರತದ ಹಳ್ಳಿಯಲ್ಲಿ ಡಿಮೆನ್ಷಿಯಾ ನೂರಕ್ಕೆ 0.3. ಕ್ಯೂಬಾದಲ್ಲಿ 6.3. ಇಪ್ಪತ್ತು ಪಟ್ಟು ವ್ಯತ್ಯಾಸ! ಓದದವರಿಗೂ ಹೊಂದುವಂತೆ ಈ ಗುಂಪೇ ಮಾಡಿಕೊಂಡ ಅಳತೆ ಹಿಡಿದು ನೋಡಿದರೆ ಅಂತರ ಕುಗ್ಗಿತು. ಎಲ್ಲ ಕಡೆಯೂ ಸುಮಾರು 6ರಿಂದ 12ರ ನಡುವೆ ಬಂತು.

ಯಾಕೆ ಹೀಗೆ? ಕೈಪಿಡಿಯ ನಿಯಮದ ಪ್ರಕಾರ ಮರೆವಿನಿಂದ ದಿನದ ಬದುಕಿಗೆ ತೊಂದರೆ ಆಗಿರಬೇಕು, ಅದನ್ನು ಮನೆಯವರು ಹೇಳಬೇಕು. ಹಳ್ಳಿಯ ಕೂಡುಕುಟುಂಬದಲ್ಲಿ ಎಪ್ಪತ್ತರ ಅಜ್ಜಿ ಬ್ಯಾಂಕಿಗೆ ಹೋಗುವುದಿಲ್ಲ, ಒಲೆ ಹಚ್ಚುವುದಿಲ್ಲ, ಒಬ್ಬರೇ ಬಸ್ಸು ಹತ್ತುವುದಿಲ್ಲ. ಎಲ್ಲವನ್ನೂ ಸೊಸೆ, ಮೊಮ್ಮಕ್ಕಳು ಮಾಡಿಕೊಡುತ್ತಾರೆ. ತೊಂದರೆ ಕಾಣುವುದಾದರೂ ಎಲ್ಲಿ? ಕಂಡರೂ ಬಾಯಿಗೆ ಬರುವುದು ನಮ್ಮಪ್ಪ ಹೇಳಿದ ಮಾತೇ. ಪ್ರೀತಿಯಿಂದ ಆಡಿದ ಮಾತು ಅದು. ಆದರೆ ಅದರಿಂದ ಒಂದು ದೇಶದ ರೋಗಿಗಳೇ ಲೆಕ್ಕದಿಂದ ಮಾಯವಾಗಿದ್ದರು.

ಇಡೀ ದೇಶಕ್ಕೆ ಲೆಕ್ಕ ಸಿಗಲು ಮತ್ತೂ 15 ವರ್ಷ ಬೇಕಾಯಿತು. ಅದಕ್ಕೂ ಅಮೆರಿಕದ ಅದೇ ವೃದ್ಧಾಪ್ಯ ಸಂಸ್ಥೆಯ ಹಣ ಬಂತು. ದೇಶದ ಹಿರಿಯರ ಆರೋಗ್ಯ, ಬದುಕನ್ನು ನೋಡುವ ಲಾಸಿ ಅನ್ನುವ ದೊಡ್ಡ ಸಮೀಕ್ಷೆಯೊಳಗೆ 60 ದಾಟಿದ 4,096 ಜನರನ್ನು ಆರಿಸಿ ಪರೀಕ್ಷಿಸಿದರು. ದೆಹಲಿಯ ಏಮ್ಸ್ ಮುಂದೆ ನಿಂತಿತ್ತು, ನಮ್ಮ ನಿಮ್ಹಾನ್ಸ್ ಕೂಡ ಕೈಜೋಡಿಸಿತ್ತು. ಬಲ್ಲಭ್‌ಗಢದಲ್ಲಿ ಹುಟ್ಟಿದ ಹಿಂದಿ ಪರೀಕ್ಷೆ ಇಲ್ಲೂ ಬಳಕೆಯಾಯಿತು. 2023ರಲ್ಲಿ ಬಂದ ಉತ್ತರ ಇದು: 60 ದಾಟಿದ ನೂರು ಭಾರತೀಯರಲ್ಲಿ 7.4 ಜನಕ್ಕೆ ಡಿಮೆನ್ಷಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಹಳ್ಳಿಯಲ್ಲಿ ಈ ಕಾಯಿಲೆ ಇಲ್ಲವೇ ಇಲ್ಲ ಅಂತ ನಂಬಿದ್ದೆವು, ಅಲ್ವಾ?

ಇದೇ ಹೊತ್ತಿನಲ್ಲಿ ಶ್ರೀಮಂತ ದೇಶಗಳ ದೊಡ್ಡ ದುಡ್ಡು ಬೇರೆ ಕಡೆ ಹರಿಯುತ್ತಿತ್ತು. 2013ರ ಡಿಸೆಂಬರಿನಲ್ಲಿ ಜಿ8 ದೇಶಗಳು ಲಂಡನ್ನಿನಲ್ಲಿ ಸೇರಿ, 2025ರ ಹೊತ್ತಿಗೆ ಡಿಮೆನ್ಷಿಯಾ ವಾಸಿ ಮಾಡುವ ಅಥವಾ ಅದರ ದಾರಿ ಬದಲಿಸುವ ಔಷಧ ಹುಡುಕುತ್ತೇವೆ ಅಂದವು. ಅಮೆರಿಕದಲ್ಲಿ 2011ರಲ್ಲಿ 50 ಕೋಟಿ ಡಾಲರ್‌ಗಿಂತ ಕಡಿಮೆ ಇದ್ದ ಸರ್ಕಾರಿ ಸಂಶೋಧನಾ ಹಣ 2023ರ ಹೊತ್ತಿಗೆ ವರ್ಷಕ್ಕೆ 350 ಕೋಟಿ ಡಾಲರ್ ದಾಟಿತು. ಲೆಕನೆಮ್ಯಾಬ್, ಡೊನನೆಮ್ಯಾಬ್ ಅನ್ನುವ ಔಷಧಗಳು ಬಂದವು. ಅವು ಕಾಯಿಲೆಯ ಓಟವನ್ನು ಸ್ವಲ್ಪ ನಿಧಾನ ಮಾಡುತ್ತವೆ, ನಿಲ್ಲಿಸುವುದಿಲ್ಲ. ಡ್ರಿಪ್ ಹಾಕಿಸಿಕೊಳ್ಳಬೇಕು, ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕು. ಲೆಕನೆಮ್ಯಾಬ್‌ಗೆ ಅಮೆರಿಕದಲ್ಲಿ ಇಟ್ಟ ಬೆಲೆ ವರ್ಷಕ್ಕೆ 26,500 ಡಾಲರ್. ಇದನ್ನು ಬೇಡ ಅನ್ನುವವಳಲ್ಲ ನಾನು. ಆದರೆ ತಾಲೂಕು ಆಸ್ಪತ್ರೆಯಲ್ಲಿ ಸರಿಯಾದ ಪ್ರಶ್ನೆ ಕೇಳುವವರೇ ಇಲ್ಲದ ಕಡೆ ಈ ಔಷಧ ಯಾರಿಗೆ ತಲುಪುತ್ತದೆ? 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 14 ಕಾರಣಗಳನ್ನು ಗುರುತಿಸಿ, ಅವನ್ನು ನಿಭಾಯಿಸಿದರೆ ಡಿಮೆನ್ಷಿಯಾದ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂದಿತು. ಓದು ಇಲ್ಲದಿರುವುದು, ಕಿವಿ ಮಂದವಾಗುವುದು, ಬಿಪಿ, ಸಕ್ಕರೆ ಕಾಯಿಲೆ, ಗಾಳಿಯ ಹೊಗೆ. ಎಲ್ಲವೂ ನಮ್ಮ ಮನೆಯಂಗಳದ ವಿಷಯಗಳೇ.

ಈಗ ಕೋಲಾರದ ಶ್ರೀನಿವಾಸಪುರಕ್ಕೆ ಬರೋಣ. ಮಾವಿಗೆ ಹೆಸರಾದ, ಕನ್ನಡ ತೆಲುಗು ಎರಡೂ ಓಡಾಡುವ ತಾಲೂಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಇಲ್ಲಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಕೆಲಸ ಕೈಗೆತ್ತಿಕೊಂಡಿದೆ. ನೆನಪಿನ ಪರೀಕ್ಷೆ, ರಕ್ತ, ವಂಶವಾಹಿ, ಮಿದುಳಿನ ಸ್ಕ್ಯಾನ್ ಎಲ್ಲವೂ ಇದೆ. ಈ ಕೇಂದ್ರವನ್ನು ಕಟ್ಟಿದ್ದು ವಿಜಯಲಕ್ಷ್ಮಿ ರವೀಂದ್ರನಾಥ್. ದುಡ್ಡಿನ ಬೆನ್ನೆಲುಬು ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್. 10 ವರ್ಷಕ್ಕೆ 225 ಕೋಟಿ ರೂಪಾಯಿ ಕೊಡಲು ಅವರು ಒಪ್ಪಿದ್ದರು. ನಮ್ಮ ಲೆಕ್ಕದಲ್ಲಿ ಇದು ದೊಡ್ಡ ಮೊತ್ತ. ಅಮೆರಿಕ ಒಂದೇ ವರ್ಷಕ್ಕೆ ಇಡುವ ಹಣವನ್ನು ರೂಪಾಯಿಗೆ ತಿರುಗಿಸಿದರೆ 25,000 ಕೋಟಿ ದಾಟುತ್ತದೆ.

ಇಷ್ಟಾದರೂ ಶ್ರೀನಿವಾಸಪುರದಲ್ಲಿ ಪ್ರಶ್ನೆ ಹುಟ್ಟಿದ್ದು ಇಲ್ಲೇ. ಕಾಯಿಲೆ ಬಂದ ಮೇಲೆ ಎಣಿಸುವುದಲ್ಲ, ಬರುವ ಮುಂಚೆ 45ರಲ್ಲೇ ಹಿಡಿದು ನೋಡುವುದು. ಹೊರಗಿನ ಅನುದಾನ ಸಾಮಾನ್ಯವಾಗಿ ಐದು ವರ್ಷದ್ದು. ಮಿದುಳು ಸವೆಯುವುದು ಇಪ್ಪತ್ತು ವರ್ಷ. ಅದೇ ಕೋಲಾರ ಮತ್ತು ಚಿಕ್ಕಬಳ್ಳಾಪುರದ ಆಸ್ಪತ್ರೆಗಳಲ್ಲಿ, ಬೆಂಗಳೂರಿನ ಜಯನಗರ ಆಸ್ಪತ್ರೆಯಲ್ಲಿ 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆದವು. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆವು ಇವಕ್ಕೆ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗಲಿ ಅಂತ. ಅದೇ ವರ್ಷ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ನರರೋಗಗಳಿಗೆ 2031ರವರೆಗಿನ ಜಾಗತಿಕ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಯೋಜನೆಯ ಜೊತೆ ಹಣದ ಚೀಲವೇನೂ ಬರಲಿಲ್ಲ.

ಇರುವ ಚೀಲಗಳ ಬಾಯಿಯೂ ಈಗ ಬಿಗಿಯಾಗುತ್ತಿದೆ. 2025ರ ಮೇ 1ರಂದು, ಆ ವೃದ್ಧಾಪ್ಯ ಸಂಸ್ಥೆಯೂ ಸೇರಿರುವ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಒಂದು ಪ್ರಕಟಣೆ ಹೊರಡಿಸಿದವು. ಅಮೆರಿಕದ ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟು, ಅದರಿಂದ ಒಂದು ಪಾಲು ಹೊರದೇಶದ ಜೊತೆಗಾರರಿಗೆ ಹೋಗುವ ಪದ್ಧತಿಯಲ್ಲಿ ಇನ್ನು ಮಂಜೂರಾತಿ ಇಲ್ಲ, ಹೊಸ ವ್ಯವಸ್ಥೆ ಬರುವ ತನಕ ಕಾಯಬೇಕು ಅಂತ. ಹಣ ಎಲ್ಲೆಲ್ಲಿಗೆ ಹೋಗುತ್ತದೆ ಅನ್ನುವುದರ ಲೆಕ್ಕ ಸರಿಯಾಗಿ ಸಿಗುತ್ತಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಬಡ ದೇಶಗಳ ಎಷ್ಟೋ ಸಂಶೋಧನೆ ಉಸಿರಾಡುತ್ತಿದ್ದದ್ದು ಇದೇ ಪದ್ಧತಿಯಲ್ಲಿ.

ಶ್ರೀನಿವಾಸಪುರದಲ್ಲಿ 45ರ ವಯಸ್ಸಿಗೆ ಹೆಸರು ಕೊಟ್ಟವರು ಅರವತ್ತು ದಾಟುವುದು 2030ರ ದಶಕದಲ್ಲಿ. ಅಲ್ಲಿಯ ತನಕ ಅದೇ ಮನೆಗೆ ಮತ್ತೆ ಮತ್ತೆ ಹೋಗಬೇಕು, ಅದೇ ಪ್ರಶ್ನೆ ಕೇಳಬೇಕು, ಅದೇ ಸ್ಕ್ಯಾನ್ ತೆಗೆಯಬೇಕು. ಒಂದು ಸುತ್ತು ತಪ್ಪಿದರೂ ನಡುವೆ ಏನಾಯಿತು ಅಂತ ಆಮೇಲೆ ತಿಳಿಯುವ ದಾರಿ ಇಲ್ಲ.