ಇಕ್ಕಟ್ಟಾದ ಬಾಗಿಲು: ಕ್ರೈಸ್ತ ಬದುಕಿನಲ್ಲಿ ಈ ಮಾತಿನ ಅರ್ಥ

ಚರ್ಚುಗಳ ಪ್ರಸಂಗಗಳಲ್ಲಿ, ಅದರಲ್ಲೂ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ, ‘ಇಕ್ಕಟ್ಟಾದ ಬಾಗಿಲು’ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಬೈಬಲಿನ ಮತ್ತಾಯನ ಶುಭಸಂದೇಶದ 7ನೇ ಅಧ್ಯಾಯದ 13 ಮತ್ತು 14ನೇ ವಚನಗಳು ಇದರ ಮೂಲ. ನಾಶಕ್ಕೆ ಒಯ್ಯುವ ಬಾಗಿಲು ದೊಡ್ಡದು, ದಾರಿ ಅಗಲ, ಅದರಲ್ಲಿ ಹೋಗುವವರು ಬಹಳ ಮಂದಿ. ಜೀವಕ್ಕೆ ಒಯ್ಯುವ ಬಾಗಿಲು ಇಕ್ಕಟ್ಟು, ದಾರಿ ಕಷ್ಟದ್ದು, ಅದನ್ನು ಕಂಡುಕೊಳ್ಳುವವರು ಕೆಲವರು ಮಾತ್ರ ಎಂದು ಯೇಸುಸ್ವಾಮಿ ಅಲ್ಲಿ ಹೇಳುತ್ತಾರೆ.

ಈ ಎರಡು ವಚನಗಳನ್ನಷ್ಟೇ ಬಿಡಿಯಾಗಿ ಓದಿದವರು ಉಪವಾಸ, ದೇಹದಂಡನೆ, ಸುಖತ್ಯಾಗಗಳನ್ನೇ ಇಕ್ಕಟ್ಟಾದ ದಾರಿಯೆಂದು ತಿಳಿಯುವುದುಂಟು. ಆದರೆ ಇದು 5ನೇ ಅಧ್ಯಾಯದಿಂದ ಆರಂಭವಾಗುವ, ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆಯಾದ ಪರ್ವತ ಪ್ರಸಂಗದ ಕೊನೆಯ ಭಾಗದಲ್ಲಿ ಬರುವ ಮಾತು. ಆದ್ದರಿಂದ ಆ ದಾರಿ ಯಾವುದು ಎಂಬ ಪ್ರಶ್ನೆಗೆ ಅದಕ್ಕೆ ಮೊದಲು ಹೇಳಿದ ಬೋಧನೆಯೆಲ್ಲವೂ ಉತ್ತರ. ಶತ್ರುಗಳನ್ನು ಪ್ರೀತಿಸುವುದು, ಎಡಗೈಗೆ ತಿಳಿಯದಂತೆ ಬಲಗೈಯಿಂದ ದಾನ ಮಾಡುವುದು, ಪರರ ಕಣ್ಣಿನ ರವೆಯನ್ನು ಎತ್ತಿ ತೋರಿಸುವ ಮೊದಲು ತನ್ನ ಕಣ್ಣಿನ ತೊಲೆಯನ್ನು ತೆಗೆದುಕೊಳ್ಳುವುದು, ಇವೇ ಆ ದಾರಿಯ ಹೆಜ್ಜೆಗಳು.

ಅವುಗಳಲ್ಲಿ ಒಂದನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಬಲಿಪೀಠದ ಬಳಿಗೆ ಕಾಣಿಕೆ ತಂದವನಿಗೆ, ತನ್ನ ಸೋದರನಿಗೆ ತನ್ನ ಮೇಲೆ ಮನಸ್ತಾಪವಿದೆಯೆಂಬುದು ಅಲ್ಲಿ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು, ಮೊದಲು ಹೋಗಿ ಸೋದರನೊಡನೆ ಸಮಾಧಾನ ಮಾಡಿಕೊಂಡು ಆಮೇಲೆ ಬರಬೇಕು ಎಂದು 5ನೇ ಅಧ್ಯಾಯ ಹೇಳುತ್ತದೆ. ಬಲಿಪೀಠವಿದ್ದದ್ದು ಜೆರುಸಲೇಮಿನ ದೇವಾಲಯದಲ್ಲಿ; ಈ ಮಾತನ್ನು ಕೇಳುತ್ತಿದ್ದವರಲ್ಲಿ ಅನೇಕರು ಗಲಿಲೇಯದವರು, ಎಂದರೆ ಜೆರುಸಲೇಮಿಗೆ ಹಲವು ದಿನಗಳ ಕಾಲ್ನಡಿಗೆಯಷ್ಟು ದೂರದವರು. ಅಷ್ಟು ದೂರ ಬಂದು, ಸರದಿ ಕಾದು, ಇನ್ನೇನು ಕಾಣಿಕೆ ಒಪ್ಪಿಸಬೇಕು ಎನ್ನುವಾಗ ಊರಿಗೆ ಹಿಂತಿರುಗುವುದೆಂದರೆ ಎಷ್ಟು ಕಷ್ಟವೆಂಬುದು ಅವರಿಗೆ ಬಿಡಿಸಿ ಹೇಳದೆ ತಿಳಿದಿರುತ್ತದೆ. ಇಲ್ಲಿ ಕೋಪಗೊಂಡಿರುವವನು ಆ ಸೋದರ, ಆದರೆ ಹೊರಡಬೇಕಾದವನು ಕಾಣಿಕೆ ತಂದವನು. ಆಸ್ತಿಯ ಪಾಲಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಚರ್ಚಿನ ಬೇರೆ ಬೇರೆ ಬೆಂಚುಗಳಲ್ಲಿ ವರ್ಷಗಟ್ಟಲೆ ಕುಳಿತು ಪ್ರಾರ್ಥಿಸುವುದನ್ನು ಬಲ್ಲವರಿಗೆ, ನಲವತ್ತು ದಿನ ಮಾಂಸ ಬಿಡುವುದಕ್ಕಿಂತ ಒಂದು ಸಂಜೆ ತಮ್ಮನ ಮನೆಯ ಬಾಗಿಲು ತಟ್ಟುವುದು ಎಷ್ಟು ಕಠಿಣ ಎಂಬುದೂ ಗೊತ್ತು.

ಬಾಳಿಗೊಂದು ದಾರಿ, ಸಾವಿಗೊಂದು ದಾರಿ ಎಂಬ ಕಲ್ಪನೆ ಯೇಸುವಿಗಿಂತ ಹಳೆಯದು. ಬೈಬಲಿನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದಲ್ಲಿಯೂ ಮೊದಲನೆಯ ಕೀರ್ತನೆಯಲ್ಲಿಯೂ ಅದು ಕಾಣುತ್ತದೆ. ಆದರೆ ‘ಕೆಲವರು ಮಾತ್ರ’ ಎಂಬ ಮಾತು ‘ಆ ಕೆಲವರು ನಾವೇ’ ಎಂಬ ಹೆಮ್ಮೆಗೆ ಎಡೆಮಾಡಿಕೊಟ್ಟದ್ದುಂಟು. ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ, ಉದ್ಧಾರವಾಗುವವರು ಕೆಲವರೇ ಏನು ಎಂದು ಒಬ್ಬನು ನೇರವಾಗಿ ಕೇಳಿದಾಗ ಯೇಸು ಲೆಕ್ಕ ಕೊಡುವುದಿಲ್ಲ. ನೀವು ಪ್ರವೇಶಿಸಲು ಹೆಣಗಿರಿ ಎನ್ನುತ್ತಾರೆ. ನಿಮ್ಮ ಜೊತೆಗೇ ಉಂಡವರು ನಾವು ಎಂದು ಹೇಳಿಕೊಂಡು ಬಂದವರು ಅಲ್ಲಿ ಅವರು ಹೇಳುವ ದೃಷ್ಟಾಂತದಲ್ಲಿ ಹೊರಗೆ ಉಳಿಯುತ್ತಾರೆ, ಪೂರ್ವ ಪಶ್ಚಿಮಗಳಿಂದ ಬಂದವರು ಒಳಗೆ ಪಂಕ್ತಿಯಲ್ಲಿ ಕುಳಿತಿರುತ್ತಾರೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಮಾತನ್ನು ಬದುಕಿ ತೋರಿಸಿದವರಲ್ಲಿ ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ ಅವರನ್ನು ನಾನು ಮುಖ್ಯರೆಂದು ಎಣಿಸುತ್ತೇನೆ. 1939ರ ಜೂನ್‌ನಲ್ಲಿ ಸ್ನೇಹಿತರು ಅವರನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಅಲ್ಲಿ ಕೆಲಸವಿತ್ತು, ಸುರಕ್ಷತೆಯಿತ್ತು, ಹಿಟ್ಲರನ ಸೈನ್ಯ ಸೇರಬೇಕೆಂಬ ಕರೆಯಿಂದ ಬಿಡುಗಡೆಯಿತ್ತು. ಆದರೂ ಅವರ ಮನಸ್ಸಿಗೆ ನೆಮ್ಮದಿ ಸಿಗಲಿಲ್ಲ. ಹೊಸ ಒಡಂಬಡಿಕೆಯಲ್ಲಿ, ಶಿಷ್ಯ ತಿಮೊಥೇಯನಿಗೆ ಬರೆದ ಪತ್ರದಲ್ಲಿ ‘ಚಳಿಗಾಲಕ್ಕೆ ಮುಂಚೆ ಬರಲು ಪ್ರಯತ್ನಿಸು’ ಎಂದು ಪ್ರೇಷಿತ ಪೌಲನು ಕೇಳಿಕೊಳ್ಳುವ ಸಾಲು ಜೂನ್ 26ರಂದು ಅವರ ಕಣ್ಣಿಗೆ ಬಿತ್ತು. ಇದನ್ನು ತನಗೇ ಹೇಳಿದ್ದೆಂದು ತೆಗೆದುಕೊಂಡರೆ ಧರ್ಮಗ್ರಂಥದ ದುರುಪಯೋಗವಾಗದು ಎಂದು ಅವರು ದಿನಚರಿಯಲ್ಲಿ ಬರೆದುಕೊಂಡರು. ದೇಶದ ಕ್ರೈಸ್ತರೊಡನೆ ಈ ಸಂಕಟವನ್ನು ಹಂಚಿಕೊಳ್ಳದಿದ್ದರೆ ಯುದ್ಧ ಮುಗಿದ ಮೇಲೆ ಅಲ್ಲಿನ ಕ್ರೈಸ್ತ ಬದುಕನ್ನು ಮತ್ತೆ ಕಟ್ಟುವ ಹಕ್ಕು ತನಗಿರುವುದಿಲ್ಲ ಎಂದು ಅಮೆರಿಕದ ದೇವತಾಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬೂರ್ ಅವರಿಗೆ ತಿಳಿಸಿ, ಜುಲೈ ತಿಂಗಳಲ್ಲಿ ಹಡಗು ಹತ್ತಿದರು. ದೇಶಕ್ಕೆ ಮರಳಿ ಹಿಟ್ಲರನ ವಿರುದ್ಧದ ಗುಪ್ತ ಪ್ರತಿರೋಧದಲ್ಲಿ ತೊಡಗಿದ್ದ ಅವರ ಬಂಧನ 1943ರ ಏಪ್ರಿಲ್‌ನಲ್ಲಿ ಆಯಿತು. 1945ರ ಏಪ್ರಿಲ್ 9ರಂದು ನಾಜಿಗಳ ಫ್ಲಾಸೆನ್‌ಬ್ಯೂರ್ಗ್ ಸೆರೆಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಬಾನ್‌ಹಾಫರ್ ಹೀಗೆ ಕಷ್ಟಪಟ್ಟು ಪುಣ್ಯ ಸಂಪಾದಿಸಲು ಹೊರಟವರಲ್ಲ. ಪಶ್ಚಾತ್ತಾಪವಿಲ್ಲದ ಕ್ಷಮೆ, ಶಿಲುಬೆಯಿಲ್ಲದ ಶಿಷ್ಯತ್ವ, ಇವನ್ನು ಅವರು 1937ರಲ್ಲಿಯೇ ‘ಅಗ್ಗದ ಕೃಪೆ’ ಎಂದು ಕರೆದಿದ್ದರು. ಕೃಪೆ ಪುಕ್ಕಟೆಯಾಗಿಯೇ ದೊರೆಯುತ್ತದೆ, ಆದರೆ ಅದನ್ನು ಪಡೆದವನ ಬದುಕು ಮೊದಲಿನಂತೆ ಉಳಿಯಲಾರದು ಎಂಬುದು ಅವರ ನಿಲುವು. ಇಕ್ಕಟ್ಟಾದ ದಾರಿಯನ್ನು ತೋರಿಸಿದ ಯೇಸುವೇ ಇದೇ ಶುಭಸಂದೇಶದ 11ನೇ ಅಧ್ಯಾಯದಲ್ಲಿ ತನ್ನ ನೊಗ ಮೃದು, ಹೊರೆ ಹಗುರ ಎನ್ನುವುದು ಹಲವರಿಗೆ ವಿರೋಧಾಭಾಸವಾಗಿ ಕಾಣುತ್ತದೆ. ಆದರೆ ಆ ಕರೆ ಬಳಲಿದವರನ್ನು ‘ನನ್ನ ಬಳಿಗೆ ಬನ್ನಿ’ ಎಂದು ಕರೆಯುವ ಕರೆ; ಆ ನೊಗವನ್ನು ಯಾರೂ ಒಂಟಿಯಾಗಿ ಹೊರಬೇಕಾಗಿಲ್ಲ.

ಇನ್ನೊಂದು ಎಚ್ಚರವೂ ಅಗತ್ಯ. ಗಂಡನ ಹೊಡೆತ ತಿನ್ನುವ ಹೆಂಗಸಿಗೋ ಕೂಲಿ ಸಿಗದ ಆಳಿಗೋ ‘ಇದೇ ನಿನ್ನ ಶಿಲುಬೆ, ಸಹಿಸಿಕೋ’ ಎಂದು ಬುದ್ಧಿ ಹೇಳಲು ಈ ವಚನವನ್ನು ಬಳಸುವುದು ತಪ್ಪು. ಭಾರವಾದ ಹೊರೆಗಳನ್ನು ಕಟ್ಟಿ ಪರರ ಹೆಗಲ ಮೇಲೆ ಹೊರಿಸಿ ತಾವು ಬೆರಳನ್ನೂ ಸೋಕಿಸದವರನ್ನು ಯೇಸು ಮತ್ತಾಯನ 23ನೇ ಅಧ್ಯಾಯದಲ್ಲಿ ಕಟುವಾಗಿ ಖಂಡಿಸುತ್ತಾರೆ. ಒಂದು ಊರಿನಲ್ಲಿ ಹಿಂಸೆಗೊಳಗಾದರೆ ಇನ್ನೊಂದು ಊರಿಗೆ ಓಡಿಹೋಗಿ ಎಂದು ಶಿಷ್ಯರಿಗೆ ಹೇಳಿದವರೂ ಅವರೇ. ದಮಸ್ಕದಲ್ಲಿ ಕೊಲೆಯ ಸಂಚು ಬಯಲಾದಾಗ ಪೌಲನು ಬುಟ್ಟಿಯಲ್ಲಿ ಕುಳಿತು ಕೋಟೆಯ ಗೋಡೆಯಿಂದ ಕೆಳಗಿಳಿದು ತಪ್ಪಿಸಿಕೊಂಡನು. ಅದನ್ನು ವಿಶ್ವಾಸದ ಕೊರತೆಯೆಂದು ಹೊಸ ಒಡಂಬಡಿಕೆ ಎಲ್ಲಿಯೂ ಹೇಳುವುದಿಲ್ಲ.