ಟೆಂಡನ್ ರಪ್ಚರ್: ಮಾತ್ರೆಗೂ ಹಿಮ್ಮಡಿಗೂ ಏನು ನಂಟು?

ಮಾಂಸಖಂಡವನ್ನು ಮೂಳೆಗೆ ಕಟ್ಟಿ ಹಿಡಿದಿರುವ ಗಟ್ಟಿ ಪಟ್ಟಿಯೇ ಟೆಂಡನ್. ಪಠ್ಯಪುಸ್ತಕದ ಮಾತಲ್ಲಿ ಸ್ನಾಯುರಜ್ಜು. ಹಿಮ್ಮಡಿಯಿಂದ ಸ್ವಲ್ಪ ಮೇಲೆ, ಕಾಲಿನ ಹಿಂಭಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಹಗ್ಗದ ಹಾಗೆ ಬಿಗಿಯಾಗಿ ಸಿಗುತ್ತದಲ್ಲ, ಅದು ಅಕಿಲಿಸ್ ಟೆಂಡನ್. ಇಂಥ ಟೆಂಡನ್ ಹರಿದುಹೋದರೆ ಅದು ಟೆಂಡನ್ ರಪ್ಚರ್. ಆಟದ ಮೈದಾನದಲ್ಲಿ ಆಗುವ ಪೆಟ್ಟು ಅಂತಲೇ ಇದರ ಹೆಸರು ಕೇಳಿರುತ್ತೇವೆ. ಆದರೆ ಉರಿಮೂತ್ರಕ್ಕೋ ಭೇದಿಗೋ ನುಂಗಿದ ಆಂಟಿಬಯೋಟಿಕ್‌ನಿಂದಲೂ ಅಪರೂಪಕ್ಕೆ ಹೀಗಾಗುತ್ತದೆ.

ಎಲ್ಲ ಆಂಟಿಬಯೋಟಿಕ್‌ನಿಂದಲ್ಲ, ಮುಖ್ಯವಾಗಿ ಫ್ಲೋರೋಕ್ವಿನೋಲೋನ್ ಅನ್ನುವ ಗುಂಪಿನಿಂದ. ಸಿಪ್ರೊಫ್ಲಾಕ್ಸಸಿನ್, ಒಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಎಲ್ಲ ಇದರವೇ. ಹೆಸರಿನ ಬಾಲ ನೋಡಿದರೆ ಸಾಕು, ಗುರುತು ಸಿಗುತ್ತದೆ. ಸ್ಟ್ರಿಪ್ ಮೇಲೆ ಬ್ರಾಂಡ್ ಹೆಸರು ದಪ್ಪಕ್ಕಿರುತ್ತದೆ, ಈ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ, ಅಷ್ಟೆ. ಲೂಸ್ ಮೋಶನ್ ಅಂದ ಕೂಡಲೇ ಕೆಲವು ಮೆಡಿಕಲ್ ಶಾಪ್‌ಗಳಲ್ಲಿ ಚೀಟಿಯನ್ನೂ ಕೇಳದೆ ಕೊಡುವ ಒಫ್ಲಾಕ್ಸಸಿನ್-ಆರ್ನಿಡಜೋಲ್ ಜೋಡಿ ಮಾತ್ರೆಯಲ್ಲೂ ಇದೇ ಗುಂಪಿನ ಔಷಧಿ ಇದೆ. ಹೆಚ್ಚಿನ ಭೇದಿ ಓಆರ್‌ಎಸ್ ಕುಡಿದು ಸುಧಾರಿಸಿಕೊಂಡರೆ ತಾನೇ ನಿಲ್ಲುತ್ತದೆ. ಅದಕ್ಕೆ ಈ ಮಾತ್ರೆ ಸುಮ್ನೆ ದಂಡ.

ಟೆಂಡನ್ ಹೆಚ್ಚಾಗಿ ಕೊಲಾಜನ್ ಎಂಬ ನಾರಿನಿಂದ ಆಗಿದೆ. ಅದಕ್ಕೆ ರಕ್ತದ ಪೂರೈಕೆ ಕಡಿಮೆ, ಹಾಗಾಗಿ ರಿಪೇರಿಯೂ ನಿಧಾನ. ಈ ಔಷಧಿ ಕೊಲಾಜನ್ ಕರಗಿಸುವ ಕಿಣ್ವಗಳನ್ನು ಹೆಚ್ಚಿಸುತ್ತದೆ, ಜೀವಕೋಶಗಳಿಗೆ ಬೇಕಾದ ಮೆಗ್ನೀಷಿಯಂಗೂ ಅಂಟಿಕೊಳ್ಳುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ.

ತೊಡಕು ಇರುವುದು ಸಮಯದಲ್ಲಿ. ಮಾತ್ರೆ ಶುರು ಮಾಡಿದ ಎರಡು ದಿನದಲ್ಲೇ ನೋವು ಬರಬಹುದು. ಕೋರ್ಸ್ ಮುಗಿದು ತಿಂಗಳುಗಳಾದ ಮೇಲೂ ಬರಬಹುದು. ಅಷ್ಟರಲ್ಲಿ ಜ್ವರ ಮರೆತಿರುತ್ತೇವೆ, ಮಾತ್ರೆಯ ಹೆಸರಂತೂ ನೆನಪೇ ಇರುವುದಿಲ್ಲ. ಹಿಮ್ಮಡಿ ಹಿಂದೆ ಊತ, ಬೆಳಿಗ್ಗೆ ಎದ್ದಾಗ ಬಿಗಿತ, ಮೆಟ್ಟಿಲು ಹತ್ತುವಾಗ ಚುಚ್ಚುವ ನೋವು ಬಂದರೆ "ನರ ಹಿಡ್ಕೊಂಡಿದೆ" ಅಂತ ಎಣ್ಣೆ ಹಚ್ಚಿ ನೀವುತ್ತೇವೆ. ಎರಡೂ ಕಾಲಲ್ಲಿ ಒಟ್ಟಿಗೆ ನೋವು ಬಂದರೆ ಔಷಧಿಯ ಮೇಲೆ ಅನುಮಾನ ಪಡುವುದು ವಾಸಿ. ಪೂರ್ತಿ ಹರಿದಾಗ ಟಪ್ ಅಂತ ಸದ್ದು ಕೇಳಿಸಿತು, ಹಿಂದಿನಿಂದ ಯಾರೋ ಒದ್ದ ಹಾಗಾಯಿತು ಅನ್ನುತ್ತಾರೆ. ಆಮೇಲೆ ಆ ಕಾಲಿನ ತುದಿಬೆರಳ ಮೇಲೆ ನಿಲ್ಲಲು ಆಗುವುದಿಲ್ಲ.

ಇದು ಎಲ್ಲರಿಗೂ ಆಗುವಂಥದ್ದಲ್ಲ. ಮಾತ್ರೆ ತಗೊಂಡ ಹತ್ತು ಸಾವಿರ ಜನರಲ್ಲಿ ಕೆಲವರಿಗೆ ಆದರೆ ಹೆಚ್ಚು. ಆದರೆ 60 ದಾಟಿದವರು, ಸ್ಟೀರಾಯ್ಡ್ ತಗೊಳ್ಳುವವರು, ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಅಪಾಯ ಜಾಸ್ತಿ. ಅಸ್ತಮಾಗೆ ಸ್ಟೀರಾಯ್ಡ್ ಮಾತ್ರೆ, ಕೆಮ್ಮು-ಕಫಕ್ಕೆ ಲೆವೊಫ್ಲಾಕ್ಸಸಿನ್ ಒಟ್ಟಿಗೇ ನಡೆದಿರುವ ಅಜ್ಜ-ಅಜ್ಜಿಯರನ್ನು ನೆನೆಸಿಕೊಳ್ಳಿ. ಇಂಥ ಜೋಡಿಯೇ ಎಲ್ಲಕ್ಕಿಂತ ಚಿಂತೆಯದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಈ ಗುಂಪಿಗೆ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ಔಷಧಿಯ ಮಾಹಿತಿಪತ್ರದಲ್ಲಿ ಹಾಕುವ ಅತಿ ಗಂಭೀರ ಎಚ್ಚರಿಕೆ, ಹಾಕಿಸಿತು. 2016ರಲ್ಲಿ ಇನ್ನೂ ಬಿಗಿ ಮಾಡಿತು: ಸೈನಸ್, ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ), ಸಾಧಾರಣ ಉರಿಮೂತ್ರಕ್ಕೆ ಬೇರೆ ದಾರಿ ಇದ್ದರೆ ಇದನ್ನು ಕೊಡಬೇಡಿ ಎಂದಿತು. ಹಾಗಂತ ಈ ಔಷಧಿ ಬೇಡವೇ ಬೇಡ ಅನ್ನಲಾಗದು. ಮಾಮೂಲಿ ಮಾತ್ರೆಗೆ ಬಗ್ಗದ ಟಿಬಿಗೆ ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಇಲ್ಲದೆ ಚಿಕಿತ್ಸೆ ಕಷ್ಟ. ನನ್ನ ತಕರಾರು ಇರುವುದು ನೆಗಡಿಗೂ ಇದನ್ನೇ ನುಂಗುವ ರೂಢಿಯ ಮೇಲೆ.

ಕೋರ್ಸ್ ನಡುವೆ ಹಿಮ್ಮಡಿಯೋ ಭುಜವೋ (ಅಲ್ಲೂ ಟೆಂಡನ್ ಇದೆ) ನೋಯತೊಡಗಿದರೆ ಮುಂದಿನ ಮಾತ್ರೆ ನುಂಗಬೇಡಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಬೇರೆ ಔಷಧಿ ಬರೆಸಿಕೊಳ್ಳಿ. ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಹಾಕಬೇಡಿ, ನೀವಿಸಿಕೊಳ್ಳಲೂ ಬೇಡಿ. ಔಷಧಿಯ ಅಡ್ಡಪರಿಣಾಮವನ್ನು ರೋಗಿಗಳೇ ನೇರವಾಗಿ ತಿಳಿಸಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-180-3024. ಸ್ಟ್ರಿಪ್ ಕೈಲಿಟ್ಟುಕೊಂಡು ಫೋನ್ ಮಾಡಿ, ಹೆಸರು ಓದಿ ಹೇಳಬಹುದು.